ನುಂಗದ ತುತ್ತು

ಇಳಕಲ್ಲಿನ ಯಾವ ಓಣಿಗೆ ಹೋದರೂ ಬಸವೇಶ್ವರಿ ಅಕ್ಕೋರ ಕೈಯಲ್ಲಿ ಅಕ್ಷರ ಕಲಿತವರು ಒಬ್ಬರಾದರೂ ಸಿಗುತ್ತಾರೆ. ಮೂವತ್ತೊಂದು ವರ್ಷ ಅವರು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದರು. ಕುಳ್ಳನೆಯ ದೇಹ, ಕರಿದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಮೈಕಿನ ಹಂಗಿಲ್ಲದ ದನಿ. ನಿವೃತ್ತರಾದ ಮೇಲೆ ಆ ದನಿ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಸೌಹಾರ್ದ ಸಭೆ ಎಲ್ಲಿದ್ದರೂ ಅಕ್ಕೋರ ಮಾತು ಇರಲೇಬೇಕು ಎನ್ನುವಂತಾಯಿತು. ಬಸವ ಜಯಂತಿ, ಈದ್, ಕ್ರಿಸ್‌ಮಸ್, ಯಾವುದೇ ಇರಲಿ. ನಾನು ಈ ಊರಿನಿಂದ ಒಂದು ದಿನಪತ್ರಿಕೆಗೆ ಸುದ್ದಿ ಮತ್ತು ಫೋಟೋ ಕಳಿಸುವವನು. ಅವರ ಭಾಷಣಗಳನ್ನು ನಾನು ಎಷ್ಟು ಸಲ ವರದಿ ಮಾಡಿದ್ದೇನೋ ಲೆಕ್ಕವಿಲ್ಲ. ಆ ವರದಿಗಳಲ್ಲಿ ಒಂದು ಪೂರ್ತಿ ಸುಳ್ಳಾಗಿತ್ತು. ಅದು ನನಗೆ ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು.

ಅಕ್ಕೋರ ತವರು ಶಿರೂರು. ತಾಯಿ ಇಂದ್ರಾಬಾಯಿ ಮಡಿವಂತಿಕೆಯ ಹೆಂಗಸು. ಲಿಂಗಪೂಜೆ ಆಗದೆ ನೀರು ಕುಡಿಯುತ್ತಿರಲಿಲ್ಲ. ಹೊರಗಿನವರು ಬಂದರೆ ನೀರು ಕೊಡಲು ಒಂದು ತಂಬಿಗೆಯನ್ನು ಹೊರಗಿನ ಗೂಟಕ್ಕೇ ತೂಗುಹಾಕಿರುತ್ತಿದ್ದಳು. ಅದನ್ನು ಯಾಕೆ ಅಲ್ಲಿ ಇಟ್ಟಿದ್ದಾರೆಂದು ಮಗಳು ಕೇಳಲಿಲ್ಲ, ತಾಯಿ ಹೇಳಲೂ ಇಲ್ಲ. ಮುಂದೆ ಬಸವೇಶ್ವರಿ ಶಿಕ್ಷಕಿಯಾದರು, ಗ್ರಾನೈಟ್ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದ ಶಿವಪ್ರಕಾಶರನ್ನು ಮದುವೆಯಾಗಿ ಇಳಕಲ್ಲಿಗೆ ಬಂದರು. ಶರಣರ ವಚನಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಎಲ್ಲರೂ ಒಂದೇ ಎನ್ನುವ ಮಾತನ್ನು ಮನಸಾರೆ ನಂಬಿದ್ದರು. ಆದರೆ ಬೇರೆ ಜಾತಿಯವರ ಮನೆಯಲ್ಲಿ ಊಟಕ್ಕೆ ಕರೆದರೆ ಮಾತ್ರ, “ಇವತ್ತ ನನಗ ಉಪವಾಸ ಐತ್ರಿ” ಎನ್ನುತ್ತಿದ್ದರು. ಸೋಮವಾರ, ಗುರುವಾರ, ಅಮಾವಾಸ್ಯೆ, ಹುಣ್ಣಿಮೆ, ಶ್ರಾವಣ. ಜನರೂ ಅದನ್ನು ಅವರ ದೈವಭಕ್ತಿ ಎಂದೇ ತಿಳಿದಿದ್ದರು. ಅಕ್ಕೋರು ಕೂಡ ಹಾಗೆಯೇ ತಿಳಿದಿದ್ದರು ಎಂಬುದು ವಿಚಿತ್ರ.

ಕೆಲವು ವರ್ಷಗಳ ಹಿಂದೆ ಒಂದು ಮೆರವಣಿಗೆಯ ದಿನ ಎರಡು ಓಣಿಯ ಹುಡುಗರು ಬಾವುಟ ಕಟ್ಟುವ ಕಂಬಕ್ಕಾಗಿ ಜಗಳವಾಡಿಕೊಂಡರು. ಒಬ್ಬನ ತಲೆ ಒಡೆಯಿತು. ಎರಡು ದಿನ ಅಂಗಡಿಗಳು ಮುಚ್ಚಿದವು. ಅದಾದ ಮೇಲೆ ಕಾಲೇಜಿನ ಅಧ್ಯಾಪಕ ಚೇತನಕುಮಾರ ಮತ್ತು ಸೀರೆ ವ್ಯಾಪಾರಿ ಮಹಮ್ಮದ ಸೇರಿ ‘ನೆರೆಹೊರೆ ಬಳಗ’ ಎಂಬ ಗುಂಪು ಕಟ್ಟಿದರು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುವುದು, ಕೂಡಿ ಕುಳಿತು ಮಾತಾಡುವುದು, ಅಷ್ಟೇ ಅದರ ಉದ್ದೇಶ. ಇಬ್ಬರೂ ಅಕ್ಕೋರ ಹಳೆಯ ವಿದ್ಯಾರ್ಥಿಗಳು. ಹೀಗಾಗಿ ಅಕ್ಕೋರೇ ಬಳಗದ ಮುಖವಾದರು.

ಮರುವರ್ಷದ ರಮಜಾನಿನಲ್ಲಿ ಮಹಮ್ಮದನ ಮನೆಯ ಅಂಗಳದಲ್ಲಿ ಇಫ್ತಾರ್ ಕೂಟ ಏರ್ಪಾಡಾಯಿತು. ಮಹಮ್ಮದನ ತಾಯಿ ಬಿಬಿಜಾನ, ಅರವತ್ತರ ಹತ್ತಿರದ ಹೆಂಗಸು, ಮದುವೆಯಾಗಿ ಬಂದ ದಿನದಿಂದ ಮಗ್ಗದ ಮುಂದೆ ಕುಳಿತವರು. ಕಡಿಮೆ ಮಾತಿನವರು. ಅಕ್ಕೋರನ್ನು ಕಂಡರೆ ವಿಶೇಷ ಗೌರವ; ಮಗನಿಗೆ ಓದು ಹತ್ತಿಸಿದವರು ಎಂಬ ಕಾರಣಕ್ಕೆ.

ಸಂಜೆ ಸುಮಾರು ಇನ್ನೂರು ಜನ ಸೇರಿದ್ದರು. ಅಂಗಳದ ಮೂಲೆಯಲ್ಲಿ ಒಂದು ಬೇವಿನ ಗಿಡ, ಅದರ ಕೆಳಗೆ ಕೈತೊಳೆಯಲು ನೀರಿನ ಡ್ರಮ್ಮು. ಅಕ್ಕೋರು ಅಂದು ಬಹಳ ಚೆನ್ನಾಗಿ ಮಾತಾಡಿದರು. “ದೇವರ ಹೆಸರಿನ್ಯಾಗ ಬ್ಯಾರೆ ಬ್ಯಾರೆ ಆದೋರು ಅನ್ನದಾಗ ಒಂದಾಗಬೇಕು. ಕೂಡಿ ಉಂಡೋರು ಬಡದಾಡೂದಿಲ್ಲ” ಎಂದಾಗ ಜೋರು ಚಪ್ಪಾಳೆ ಬಿತ್ತು. ನಾನೂ ಆ ಸಾಲನ್ನು ಬರೆದುಕೊಂಡೆ.

ಆಜಾನ್ ಆಯಿತು. ಉಪವಾಸವಿದ್ದವರು ಖರ್ಜೂರ ತಿಂದು ನೀರು ಕುಡಿದರು. ಎಲ್ಲರಿಗೂ ಊಟ ಬಂತು. ಅಕ್ಕೋರಿಗೆ ಮಾತ್ರ ಬಿಬಿಜಾನ ತಾವೇ ಒಂದು ಹೊಸ ಸ್ಟೀಲಿನ ತಾಟು ತಂದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅಂಚಿಗೆ ಒಂದು ಹಿಡಿ ಮಾದಲಿ. ಗೋಧಿ ಮತ್ತು ಬೆಲ್ಲದ ಆ ಸಿಹಿ ಅಕ್ಕೋರ ಕಡೆಯ ಮದುವೆಗಳಲ್ಲಿ ಮಾಡುವಂಥದ್ದು. ಅಕ್ಕೋರು ಬಾಯಿ ತೆರೆದು, “ಇವತ್ತ ನನಗ…” ಎಂದು ಶುರುಮಾಡುವಷ್ಟರಲ್ಲಿ ಚೇತನಕುಮಾರ ನಕ್ಕ. “ಅಕ್ಕೋರ, ಇವತ್ತ ಮಂಗಳವಾರ. ಉಪವಾಸ ಇಲ್ಲ. ನಾ ನೋಡಿನ ದಿನಾ ಇಟ್ಟೇನಿ.”

ಅವರು ನಕ್ಕು ತಾಟು ತೊಡೆಯ ಮೇಲಿಟ್ಟುಕೊಂಡರು. ರೊಟ್ಟಿ ಮುರಿದರು. ಮುರಿದದ್ದನ್ನು ಪಲ್ಯದಲ್ಲಿ ಹೊರಳಿಸಿದರು. ಕೈ ಬಾಯಿಯತ್ತ ಹೋಗಲಿಲ್ಲ. ಸುತ್ತ ಯಾರೂ ಗಮನಿಸುತ್ತಿರಲಿಲ್ಲ. ಆಗ ಕ್ಯಾಮೆರಾ ಹಿಡಿದು ಮುಂದೆ ಬಂದವನು ನಾನು.

“ಬಿಬಿಜಾನ ಅಮ್ಮಾ, ಅಕ್ಕೋರಿಗೆ ನಿಮ್ಮ ಕೈಯಾರೆ ಒಂದ ತುತ್ತ ತಿನ್ನಸ್ರಿ. ಛಲೋ ಫೋಟೋ ಆಗ್ತೈತಿ” ಎಂದೆ.

ಬಿಬಿಜಾನ ನಾಚಿದರು. ಜನ ಒತ್ತಾಯ ಮಾಡಿದರು. ಅವರು ಮಾದಲಿಯ ಒಂದು ತುತ್ತು ಮಾಡಿ ಅಕ್ಕೋರ ಬಾಯಿಗೆ ಹಿಡಿದರು. ಮೊದಲ ಸಲ ಫ್ಲ್ಯಾಶ್ ಬೀಳಲಿಲ್ಲ. “ಇನ್ನೊಮ್ಮೆ” ಎಂದೆ. ಎರಡನೆಯ ಸಲ ಅಕ್ಕೋರು ಬಾಯಿ ತೆರೆದರು, ತುತ್ತು ಒಳಗೆ ಹೋಯಿತು, ಫೋಟೋ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕ್ಯಾಮೆರಾದ ಪರದೆಯಲ್ಲಿ ಚಿತ್ರ ನೋಡುತ್ತಾ ನಿಂತೆ. ಆಮೇಲೆ ಏನಾಯಿತೋ ನೋಡಲಿಲ್ಲ.

ಆಮೇಲೆ ಆದದ್ದು ಇಷ್ಟು. ಅಕ್ಕೋರು ತುತ್ತನ್ನು ಕೆನ್ನೆಯ ಸಂದಿಯಲ್ಲಿ ಒತ್ತಿ ಹಿಡಿದರು. ಆದರೆ ಮಾದಲಿ ಹಿಡಿದಂತೆ ನಿಲ್ಲುವ ಪದಾರ್ಥವಲ್ಲ. ಪುಡಿ ನೆನೆದು ಉಬ್ಬಿತು, ಬೆಲ್ಲ ಕರಗಿ ಗಂಟಲಿಗೆ ಇಳಿಯತೊಡಗಿತು. ಅವರು ನಗುತ್ತಲೇ ಎದ್ದು ಬೇವಿನ ಗಿಡದ ಕಡೆ ನಡೆದು, ಡ್ರಮ್ಮಿನ ಹಿಂದೆ ಬಗ್ಗಿ ಎಲ್ಲವನ್ನೂ ಉಗುಳಿದರು. ಎರಡು ಸಲ ಬಾಯಿ ಮುಕ್ಕಳಿಸಿದರು. ನೆಟ್ಟಗೆ ನಿಂತು ತಿರುಗಿದರೆ ಬಿಬಿಜಾನ ನಿಂತಿದ್ದರು. ಅವರ ಒಂದು ಕೈಯಲ್ಲಿ ತೊಳೆದ ಟವೆಲ್ಲು, ಇನ್ನೊಂದರಲ್ಲಿ ನೀರಿನ ತಂಬಿಗೆ. ಅತಿಥಿಗೆ ಕೈಗೆ ನೀರು ಹಾಕಲು ಬಂದಿದ್ದರು.

ಬಿಬಿಜಾನ ನೆಲದ ಕಡೆ ನೋಡಿದರು. ತಂಬಿಗೆ ಬಗ್ಗಿಸಿ ಅಕ್ಕೋರ ಕೈಗೆ ನೀರು ಹಾಕಿದರು. ಉಳಿದ ನೀರನ್ನು ಗಿಡದ ಬುಡಕ್ಕೆ, ಅದು ಬಿದ್ದಿದ್ದ ಜಾಗಕ್ಕೆ, ಸುರಿದರು. ಟವೆಲ್ಲು ಕೊಟ್ಟರು.

“ಭಾಳ ರುಚಿ ಆಗೇತ್ರಿ” ಎಂದರು ಅಕ್ಕೋರು. ಅಂಥ ಹೊತ್ತಿನಲ್ಲಿ ಆ ಮಾತು ತಮ್ಮ ಬಾಯಿಂದ ಹೇಗೆ ಬಂತೆಂದು ಅವರಿಗೆ ಇಂದಿಗೂ ತಿಳಿದಿಲ್ಲ. ನನಗೆ ಇದನ್ನು ಹೇಳುವಾಗ, ಉಗುಳಿದ್ದಕ್ಕಿಂತ ಆ ಮಾತಿಗೇ ಅವರು ಹೆಚ್ಚು ಮುಖ ಮುಚ್ಚಿಕೊಂಡರು.

ಮರುದಿನ ಫೋಟೋ ಪತ್ರಿಕೆಯಲ್ಲಿ ನಾಲ್ಕು ಅಂಕಣದ ಅಗಲಕ್ಕೆ ಬಂತು. ‘ಸೌಹಾರ್ದದ ತುತ್ತು’ ಎಂದು ತಲೆಬರಹ ಕೊಟ್ಟವನೂ ನಾನೇ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಬಿಬಿಜಾನರ ಮುಖದಲ್ಲಿ ದಿನವಿಡೀ ಉಪವಾಸವಿದ್ದು ಅಡುಗೆ ಮಾಡಿದ ದಣಿವು, ಅದರ ಮೇಲೆ ಸಂತೋಷ. ಅಕ್ಕೋರ ಕಣ್ಣು ಮುಚ್ಚಿತ್ತು. ಭಾವ ತುಂಬಿ ಕಣ್ಣು ಮುಚ್ಚಿದ್ದಾರೆಂದು ನಾನು ಬರೆದೆ. ಶಿವಪ್ರಕಾಶರು ಆ ಪುಟಕ್ಕೆ ಲ್ಯಾಮಿನೇಷನ್ ಮಾಡಿಸಿ ನಡುಮನೆಯ ಗೋಡೆಗೆ ಹಾಕಿದರು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರಲ್ಲ ಎಂದು ಅಕ್ಕೋರು ಸುಮ್ಮನಿದ್ದರು.

ಚೇತನಕುಮಾರ ಚಿತ್ರವನ್ನು ಬಳಗದ ಬ್ಯಾನರಿಗೆ ಹಾಕಿಸಿದ. ಹುನಗುಂದದ ಸಭೆಯಲ್ಲಿ ಅದು ಬಾಗಿಲಷ್ಟು ದೊಡ್ಡದಾಗಿತ್ತು. ಅಮೀನಗಡದಲ್ಲಿ ಅದಕ್ಕಿಂತ ದೊಡ್ಡದು. ಎಲ್ಲೆಲ್ಲಿಂದಲೋ ಕರೆಗಳು ಬಂದವು. ಒಂದು ಸಂಘ ಶಾಲು ಹೊದಿಸಿ ಪ್ರಶಸ್ತಿ ಕೊಟ್ಟಿತು. ಪ್ರತಿ ವೇದಿಕೆಯಲ್ಲೂ ಅಕ್ಕೋರು ತಮ್ಮದೇ ಮುಚ್ಚಿದ ಕಣ್ಣುಗಳಿಗೆ ಬೆನ್ನು ಮಾಡಿ ಕುಳಿತು ಮಾತಾಡಿದರು. ಆ ಸಂಜೆಯ ಬಗ್ಗೆ ಹೇಳಿ ಎಂದು ಜನ ಕೇಳಿದರೆ ಹೇಳಿದರು ಕೂಡ. ಹೇಳುತ್ತಾ ಹೇಳುತ್ತಾ ಮಾದಲಿಯ ರುಚಿಯನ್ನು ವರ್ಣಿಸುವಷ್ಟು ಮುಂದೆ ಹೋದರು.

ಬಾದಾಮಿಯ ಒಂದು ಶಾಲೆಯಲ್ಲಿ ಮಕ್ಕಳು ಅದನ್ನೇ ಸಣ್ಣ ನಾಟಕ ಮಾಡಿ ಆಡಿದರು. ಒಬ್ಬ ಹುಡುಗಿ ಕರಿದಾರದ ಕನ್ನಡಕ ಹಾಕಿಕೊಂಡು ಅಕ್ಕೋರಾಗಿದ್ದಳು. ಇನ್ನೊಬ್ಬಳು ತಲೆಗೆ ಸೆರಗು ಹೊದ್ದು ಬಿಬಿಜಾನ ಆಗಿದ್ದಳು. ತುತ್ತಿನ ಬದಲು ಅವಳು ಲಾಡು ತಿನ್ನಿಸಿದಳು. ಕನ್ನಡಕದ ಹುಡುಗಿ ಅದನ್ನು ಗಬಗಬನೆ ತಿಂದು, ಮಾತು ಮರೆತು, “ಇನ್ನೊಂದ ಕೊಡು” ಎಂದುಬಿಟ್ಟಳು. ಸಭೆಯೆಲ್ಲ ನಕ್ಕಿತು. ಅಕ್ಕೋರು ಎದ್ದು ಹೊರಗೆ ಹೋದರು. ಬಿಸಿಲಿಗೆ ತಲೆ ಸುತ್ತಿತು ಎಂದು ನಮಗೆ ಹೇಳಿದರು. ಶಾಲೆಯ ಹಿಂದಿನ ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ನಿಂತಿದ್ದರಂತೆ.

ಬಿಬಿಜಾನ ಯಾವ ಸಭೆಗೂ ಬರುತ್ತಿರಲಿಲ್ಲ. ಕರೆದರೆ, “ಮಗ್ಗದ ಮ್ಯಾಲ ಸೀರಿ ಐತಿ” ಎನ್ನುತ್ತಿದ್ದರು. ಬಾದಾಮಿಯಿಂದ ಬಂದ ವಾರದಲ್ಲಿ ಅಕ್ಕೋರು ಅವರ ಮನೆಗೆ ಹೋದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಬಿಬಿಜಾನ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. “ಬರ್ರಿ ಅಕ್ಕೋರ” ಎಂದರು, ಚಾಪೆ ತೋರಿಸಿದರು, ಕೆಲಸ ಮುಂದುವರಿಸಿದರು. ಮಾತು ಹವೆಯ ಬಗ್ಗೆ ಆಯಿತು, ಮೊಣಕಾಲಿನ ಬಗ್ಗೆ ಆಯಿತು. ಕೊನೆಗೆ ಅಕ್ಕೋರು ಧೈರ್ಯ ಮಾಡಿದರು.

“ಒಂದೀಟ ಚಾ ಮಾಡ್ತೀರೇನು?”

ಮಗ್ಗ ನಿಂತಿತು. “ಮನ್ಯಾಗ ಹಾಲ ಇಲ್ರಿ” ಎಂದರು ಬಿಬಿಜಾನ. ಒಲೆಯ ಪಕ್ಕದ ಪಾತ್ರೆಯಲ್ಲಿ ಹಾಲು ಇದ್ದದ್ದು ಇಬ್ಬರಿಗೂ ಕಾಣುತ್ತಿತ್ತು. ಅವರು ದನಿ ತಗ್ಗಿಸಿ ಮತ್ತೆ ಹೇಳಿದರು: “ಬ್ಯಾಡ್ರಿ ಅಕ್ಕೋರ. ನಿಮಗ್ಯಾಕ ತ್ರಾಸ?”

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಅಕ್ಕೋರು ಜೋಡಿಸಿಕೊಂಡು ಬಂದಿದ್ದ ಮಾತು ಹೊರಬರುತ್ತಿತ್ತೋ ಏನೋ. ಬರಲಿಲ್ಲ. ಎದ್ದು ಹೊರಟರು. ಬಾಗಿಲಲ್ಲಿ ಪಕ್ಕದ ಮನೆಯ ಸಾವಂತ್ರವ್ವ ಎದುರಾದಳು. ಕುರಿ ಸಾಕಿದ ಮನೆತನದ, ಬಾಯಿಮಾತಿಗೆ ತಡೆಯಿಲ್ಲದ ಹೆಂಗಸು. ಅಕ್ಕೋರ ಜೊತೆ ಓಣಿಯ ತಿರುವಿನವರೆಗೂ ನಡೆಯುತ್ತಾ, ಕೇಳದಿದ್ದರೂ ಎಲ್ಲ ಹೇಳಿದಳು.

“ನಿಮ್ಮ ಸಲುವಾಗಿ ಆಕಿ ಏನ್ ಕಷ್ಟಪಟ್ಟಾಳ್ರಿ ಯವ್ವಾ! ಮೂರ ದಿನ ಮನ್ಯಾಗ ಮಾಂಸ ಮಾಡಿಲ್ಲ. ನಿಮ್ಮ ಅಡಗಿಗೆ ಅಂತ ಹೊಸಾ ಬೋಗಾಣಿ ತಂದು, ಅಂಗಳದಾಗ ಬ್ಯಾರೆ ಒಲಿ ಹೂಡಿದ್ಲು. ಮಾದಲಿ ಹೆಂಗ ಮಾಡೂದು ಅಂತ ನನ್ನ ಕೇಳ್ಕೊಂಡ ಕಲತಾಳ. ರೋಜಾ ಉಪಾಸ ಇದ್ಲಲ್ಲ, ಬಾಯಾಗ ಹಾಕ್ಕೊಂಡು ನೋಡಂಗಿಲ್ಲ. ‘ಸಾವಂತ್ರಿ, ನೀ ನೋಡು, ಉಪ್ಪ ಬರೊಬ್ಬರಿ ಐತೇನು, ಬೆಲ್ಲ ಬರೊಬ್ಬರಿ ಐತೇನು’ ಅಂತ ನಾಕ ಸರ್ತಿ ನನ್ನ ಬಾಯಿಗಿ ಹಾಕ್ಯಾಳ. ಆಮ್ಯಾಲ ಫೋಟೋ ನೋಡಿ ನಾನ ಅತ್ತೇನಿ ನೋಡ್ರಿ.”

ಸಾವಂತ್ರವ್ವ ತನ್ನ ದಾರಿ ಹಿಡಿದಳು. ಅಕ್ಕೋರು ತಿರುವಿನಲ್ಲಿ ನಿಂತೇ ಇದ್ದರು. ಮನೆಗೆ ಹೋದ ಮೇಲೆ ಶಿವಪ್ರಕಾಶರಿಗೆ ಎಲ್ಲವನ್ನೂ ಹೇಳಿದರು. ಅವರು, “ಆದದ್ದಾತು. ಈಗ ಯಾರಿಗೂ ಹೇಳಬ್ಯಾಡ. ಬಳಗದ ಹೆಸರ ಕೆಡತೈತಿ” ಎಂದರು. ಗೋಡೆಯ ಮೇಲಿನ ಪುಟವನ್ನು ಮಾತ್ರ ಇಳಿಸಿ ಅಟ್ಟಕ್ಕೆ ಹಾಕಿದರು.

ಇಫ್ತಾರಿನ ಮರುವರ್ಷ ಅಕ್ಟೋಬರಿನಲ್ಲಿ ಬಾಗಲಕೋಟೆಯಲ್ಲಿ ಜಿಲ್ಲೆಯ ಎಲ್ಲ ಸೌಹಾರ್ದ ಗುಂಪುಗಳ ದೊಡ್ಡ ಸಮಾವೇಶ ನಡೆಯಿತು. ಸಭಾಭವನದಲ್ಲಿ ಸಾವಿರ ಜನ. ವೇದಿಕೆಯ ಹಿಂದಿನ ಗೋಡೆ ಪೂರ್ತಿ ಅದೇ ಚಿತ್ರ. ಈ ಸಲ ಮಹಮ್ಮದ ಹಟ ಹಿಡಿದು ತಾಯಿಯನ್ನು ಕರೆತಂದಿದ್ದ. ಬಿಬಿಜಾನ ತಾವೇ ನೇಯ್ದ ಹೊಸ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಚೇತನಕುಮಾರ ಮೈಕಿನಲ್ಲಿ ಕೂಗಿದ: “ಆ ಗಳಿಗಿನ ಈಗ ನಿಮ್ಮ ಕಣ್ಣಮುಂದ ಮತ್ತೊಮ್ಮೆ ನೋಡ್ರಿ!”

ಅಮೀನಗಡದಿಂದ ತರಿಸಿದ ಕರದಂಟಿನ ತಟ್ಟೆ ಬಂತು. ಇಬ್ಬರನ್ನೂ ಚಿತ್ರದ ಮುಂದೆ ನಿಲ್ಲಿಸಿದರು. ನಾನು ಕ್ಯಾಮೆರಾ ಎತ್ತಿದೆ. ಬಿಬಿಜಾನ ಒಂದು ಚೂರು ಮುರಿದು ಅಕ್ಕೋರ ಹತ್ತಿರ ಬಂದರು. ಅವರ ತುಟಿ ಅಲುಗಿದ್ದು ನನ್ನ ಲೆನ್ಸಿನಲ್ಲಿ ಕಂಡಿತು, ಮಾತು ಕೇಳಲಿಲ್ಲ. ಅವರು ಅಕ್ಕೋರಿಗೆ ಪಿಸುಗುಟ್ಟಿದ್ದು ಇದು:

“ಬಾಯಿ ತೆರಿಬ್ಯಾಡ್ರಿ. ನಾ ಹಿಡದಂಗ ಮಾಡ್ತೇನಿ. ಫೋಟೋ ಆಗ್ತೈತಿ, ಆಮ್ಯಾಲ ನಾ ಕೈಯಾಗ ಇಟಗೊಂತೇನಿ.”

ಅಕ್ಕೋರು ಹಿಂದೆ ಸರಿದರು. ಚೇತನಕುಮಾರನ ಕೈಯಿಂದ ಮೈಕು ತೆಗೆದುಕೊಂಡರು.

“ಈ ಫೋಟೋದಾಗಿನ ತುತ್ತ ನಾ ನುಂಗಿಲ್ರಿ” ಎಂದರು. “ಗಿಡದ ಬುಡಕ ಹೋಗಿ ಉಗಳೇನಿ. ಈ ತಾಯಿ ನೋಡ್ಯಾಳ. ನೋಡಿನೂ ನನ್ನ ಕೈಗೆ ನೀರ ಹಾಕ್ಯಾಳ. ಒಂದೂವರಿ ವರ್ಷ ಆತು, ನಾ ನಿಮಗೆಲ್ಲ ಸುಳ್ಳ ಹೇಳ್ಕೋತ ತಿರಗಾಕತ್ತೇನಿ. ಉಪವಾಸ ಅಂತ ಹೇಳಿದ್ದೆಲ್ಲ ಉಪವಾಸ ಅಲ್ರಿ ಅವು. ಮಂದಿ ಮನಿ ಅನ್ನ ಉಣ್ಣಬಾರದು ಅಂತ ಹುಡಕಿದ ನೆಪ.”

ಆಮೇಲೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ಹಿಡಿಯಾಗುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು ಚಪ್ಪಾಳೆ ತಟ್ಟತೊಡಗಿದರು. “ಎಂಥಾ ದೊಡ್ಡ ಮನಸ್ರಿ!” ಎಂದರು ಯಾರೋ. ಒಬ್ಬರ ಹಿಂದೊಬ್ಬರು ತಟ್ಟಿದರು. ಇಡೀ ಭವನ ತಟ್ಟಿತು. ಇಫ್ತಾರಿನ ದಿನ ಬಿದ್ದದ್ದಕ್ಕಿಂತ ಹತ್ತು ಪಟ್ಟು ಚಪ್ಪಾಳೆ. ಅಕ್ಕೋರು ಕೈಯೆತ್ತಿ ಬೇಡ ಬೇಡ ಎಂದಷ್ಟೂ ಅದು ಜೋರಾಯಿತು. ಆ ಗದ್ದಲದಲ್ಲಿ ಬಿಬಿಜಾನ ವೇದಿಕೆ ಇಳಿದು ಪಕ್ಕದ ಬಾಗಿಲಿನಿಂದ ಹೊರಗೆ ಹೋದದ್ದನ್ನು ಕೆಲವರೇ ನೋಡಿದರು. ಚೂರು ಕರದಂಟು ಇನ್ನೂ ಅವರ ಬೆರಳಲ್ಲಿತ್ತು.

ಅಕ್ಕೋರು ಓಡುತ್ತಾ ಹಿಂದೆ ಹೋದರು. ನಾನೂ ಹೋದೆ. ಬಿಬಿಜಾನ ಮೆಟ್ಟಿಲ ಮೇಲೆ ನಿಂತಿದ್ದರು.

“ಬಿಬಿಜಾನ, ನನ್ನ ತಪ್ಪಾತು…”

“ಈಗ ಯಾಕ ಹೇಳಿದ್ರಿ?” ಎಂದರು ಅವರು. “ಆವತ್ತ ನೀವು ಉಗಳಿದ್ದು ನಾ ಒಬ್ಬಾಕಿನ ನೋಡಿದ್ದೆ. ಇವತ್ತ ಸಾವಿರ ಮಂದಿ ನೋಡಿದ್ರು. ನಾ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ನನ್ನ ಮಗನ ಮುಂದ ಸೈತ. ನಿಮ್ಮ ಮಾನ ಉಳಸಾಕ ಅಂತ ತಿಳಕೊಂಡಿದ್ರೇನು? ಅದು ನನ್ನ ಮಾನ್ರಿ, ಅಕ್ಕೋರ. ನನ್ನ ಅಡಗಿ ಉಗಳಿದ್ರು ಅನ್ನೂದು ನನ್ನ ಮಾತು. ನನ್ನ ಕೇಳಬೇಕಿತ್ತು ನೀವು.”

ಅಕ್ಕೋರು ಒಂದು ಮೆಟ್ಟಿಲು ಇಳಿದರು. ಬಿಬಿಜಾನ ಮುಂದುವರಿದರು: “ನಿಮಗ ಚಪ್ಪಾಳಿ ಬಿತ್ತು. ನಾಳೆ ನಮ್ಮ ಮಂದಿ ನನ್ನ ಕೇಳ್ತಾರ, ‘ಯಾಕ ಹೋಗಿ ಬಡಿಸಿದಿ?’ ಅಂತ. ಏನ್ ಹೇಳ್ಲಿ?”

ಅವರು ಹೇಳಿದಂತೆಯೇ ಆಯಿತು. ಸಂಬಂಧಿಕರು ಮಹಮ್ಮದನನ್ನು ಹಂಗಿಸಿದರು. ಇನ್ನೊಂದು ಕಡೆಯ ಕೆಲವರು ಅಕ್ಕೋರನ್ನು ಹೊಗಳಿದರು, ಉಗುಳಿದ್ದೇ ಸರಿ ಎಂದು. ಆ ಹೊಗಳಿಕೆ ಅವರಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ನಾಲ್ಕನೆಯ ದಿನ ಮಹಮ್ಮದ ಅಕ್ಕೋರ ಮನೆಗೆ ಬಂದು, ಒಳಗೆ ಬರದೆ, ಕಟ್ಟೆಯ ಬಳಿ ನಿಂತ.

“ನೀವು ನನಗ ಅಕ್ಷರಾ ತಿದ್ದಿಸಿದೋರು. ನಿಮ್ಮ ಮ್ಯಾಲ ಸಿಟ್ಟ ಮಾಡಾಕ ನನಗ ಬರೂದಿಲ್ಲ. ಆದ್ರ ನಮ್ಮಮ್ಮ ನಾಕ ದಿನ ಆತು, ಒಲಿ ಮುಂದ ಕುಂತಿಲ್ರಿ. ಸೊಸಿ ಮಾಡಿದ್ದನ್ನ ಉಂತಾಳ. ‘ನನ್ನ ಕೈ ಅಡಗಿ ಯಾರಿಗಿ ಬೇಕು’ ಅಂತಾಳ.”

ಇಷ್ಟು ಹೇಳಿ ಹೊರಟುಹೋದ. ಆಮೇಲೆ ಎಷ್ಟೋ ತಿಂಗಳು ಬೀದಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದ.

ಅಕ್ಕೋರು ಭಾಷಣ ನಿಲ್ಲಿಸಿದರು. ಚೇತನಕುಮಾರ ಎಷ್ಟು ಕರೆದರೂ ವೇದಿಕೆ ಹತ್ತಲಿಲ್ಲ. ತಪ್ಪೊಪ್ಪಿಕೊಂಡವರು ಎಂಬ ಹೊಸ ಗೌರವದಿಂದ ಕರೆಯುವವರೂ ಇದ್ದರು. ಅವರಿಗೆ ಫೋನಿನಲ್ಲೇ ಇಲ್ಲವೆಂದರು. ಆದರೆ ಬಳಗ ಬಿಡಲಿಲ್ಲ. ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಕುರ್ಚಿ ಜೋಡಿಸುತ್ತಿದ್ದರು. ಸಾವಂತ್ರವ್ವನ ಮನೆಯಲ್ಲಿ ಬೀರಪ್ಪನ ಪೂಜೆಗೆ ಕರೆದಾಗ ಹೋಗಿ ಉಂಡರು. ಮೊದಲ ತುತ್ತು ಇಳಿಯಲು ಬಹಳ ಹೊತ್ತು ಬೇಕಾಯಿತಂತೆ. ನೀರು ಕುಡಿದು ಇಳಿಸಿದರಂತೆ. ಅರವತ್ತೆರಡನೆಯ ವಯಸ್ಸಿನಲ್ಲಿ ಒಂದು ಹಿಡಿ ಅನ್ನ ನುಂಗಲು ಬೆವರಬೇಕಾಯಿತಲ್ಲ ಎಂದು ಅವರಿಗೆ ಅಲ್ಲೂ ನಾಚಿಕೆಯೇ ಆಯಿತು. ಸಾವಂತ್ರವ್ವ ಮಾತ್ರ ಅದೇನನ್ನೂ ನೋಡದವಳಂತೆ ಎರಡನೆಯ ಸಲ ಬಡಿಸಿದಳು.

ಇದನ್ನೆಲ್ಲ ಬರೆಯಬಹುದೇ ಎಂದು ನಾನು ಕೇಳಿದಾಗ ಅಕ್ಕೋರು, “ನನ್ನ ಕೇಳಬ್ಯಾಡ, ಅವರನ್ನ ಕೇಳು” ಎಂದರು. ಹೋದೆ. ಬಿಬಿಜಾನ ನೂಲಿನ ಎಳೆ ಜೋಡಿಸುತ್ತಾ, ತಲೆಯೆತ್ತದೆ, “ಊರಿಗೆಲ್ಲ ಗೊತ್ತಾಗೇತಲ್ಲ, ಬರಿ” ಎಂದರು. ಇನ್ನೊಂದು ಎಳೆ ಜೋಡಿಸಿ, “ಅಡಗಿ ಛಲೋ ಆಗಿತ್ತು ಅಂತ ಬರಿ. ಅಲ್ಲಿ ಉಂಡೋರನ್ನ ಕೇಳಿ ಬರಿ” ಎಂದರು. ನಾನು ಅಂದು ಉಂಡವರಲ್ಲಿ ಒಬ್ಬ. ಅಡುಗೆ ಚೆನ್ನಾಗಿತ್ತು. ಮಾದಲಿ ಇನ್ನೂ ಚೆನ್ನಾಗಿತ್ತು. ಫ್ಲ್ಯಾಶ್ ಬೀಳಲಿಲ್ಲವೆಂದು ‘ಇನ್ನೊಮ್ಮೆ’ ಅಂದವನು ನಾನು ಎಂಬುದನ್ನೂ ಬರೆಯುತ್ತೇನೆ ಎಂದೆ. ಅವರು ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದರು.

ಹೋದ ವರ್ಷ ಬಳಗದವರು ಕೂಡಲಸಂಗಮಕ್ಕೆ ಒಂದು ದಿನದ ಶಿಬಿರಕ್ಕೆ ಹೊರಟರು. ಬಿಬಿಜಾನ ಬಹಳ ದಿನಗಳ ಮೇಲೆ ಬಂದಿದ್ದರು. ಮೊಮ್ಮಗಳು ನದಿ ನೋಡಬೇಕೆಂದು ಹಟ ಮಾಡಿದ್ದಳಂತೆ. ಅಕ್ಕೋರು ಕೊನೆಗೆ ಸರಕಾರಿ ಬಸ್ಸು ಹತ್ತಿದಾಗ ಉಳಿದಿದ್ದು ಬಿಬಿಜಾನರ ಪಕ್ಕದ ಒಂದೇ ಸೀಟು. ಬಿಬಿಜಾನ ತಮ್ಮ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಕ್ಕೋರು ಕುಳಿತರು. ಬಸ್ಸು ಹುನಗುಂದ ದಾಟಿತು. ಆಮೇಲೆ ಬಿಬಿಜಾನ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

“ಒಂದ ಮಾತ ಕೇಳ್ತೇನಿ. ಆವತ್ತ ನಿಮಗ ಏನಾಗಿತ್ರಿ? ಹೇಸಿಗಿ ಬಂತೇನು?”

“ಹೇಸಿಗಿ ಅಲ್ರಿ” ಎಂದರು ಅಕ್ಕೋರು. “ಸಣ್ಣಾಕಿದ್ದಾಗಿಂದ ರೂಢಿ. ನಮ್ಮವ್ವ ಹಂಗ ಬೆಳಸಿದ್ಲು…”

“ನಿಮ್ಮವ್ವನ್ನ ಬಿಡ್ರಿ. ಸತ್ತೋರು ಅವರು. ನಿಮ್ಮನ್ನ ಕೇಳಾಕತ್ತೇನಿ.”

ಬಸ್ಸು ಒಂದು ಊರಿನಲ್ಲಿ ನಿಂತು, ಜನರನ್ನು ಇಳಿಸಿ, ಮತ್ತೆ ಹೊರಟಿತು. ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಇದ್ದರು.

“ಹೌದ್ರಿ” ಎಂದರು. “ಹೇಸಿಗಿನ ಬಂತು. ಅಡಗೀದಲ್ಲ. ನಿಮ್ಮ ಕೈಯ್ದು.”

ಬಿಬಿಜಾನ ತಮ್ಮ ಕೈಗಳನ್ನು ನೋಡಿಕೊಂಡರು. ನಲವತ್ತು ವರ್ಷ ನೂಲು ಹಿಡಿದು ಒರಟಾದ, ಬಣ್ಣ ಹತ್ತಿದ ಬೆರಳುಗಳು. ಅಕ್ಕೋರಿಗೆ ಬಸ್ಸಿನಿಂದ ಇಳಿದು ಹೋಗಬೇಕೆನಿಸಿತು. ಇಷ್ಟು ವರ್ಷ ಅವರು ಎಷ್ಟು ಭಾಷಣ ಮಾಡಿದ್ದರೂ, ಖರೆಯಾಗಿ ಆಡಿದ ಮಾತು ಇದೊಂದೇ ಎಂದು ಅವರಿಗೆ ಗೊತ್ತಿತ್ತು. ಅದು ಇನ್ನೊಬ್ಬರ ಎದೆಗೆ ಚುಚ್ಚುವಂಥ ಮಾತೇ ಆಗಿತ್ತು.

“ಇಷ್ಟ ಹೇಳಾಕ ಇಷ್ಟ ದಿನ ಬೇಕಾತು ನಿಮಗ” ಎಂದರು ಬಿಬಿಜಾನ. ಮತ್ತೆ ಕಿಟಕಿಯ ಕಡೆ ತಿರುಗಿದರು. ಆದರೆ ಸಂಗಮದಲ್ಲಿ ಇಳಿಯುವಾಗ, ಮೊಣಕಾಲು ಹಿಡಿದ ಅಕ್ಕೋರಿಗೆ ತೋಳು ಕೊಟ್ಟರು.

ಮಧ್ಯಾಹ್ನ ದಾಸೋಹದಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಕೂಡಿ ಉಂಡಿರಲ್ಲ ಎಂದು ಚೇತನಕುಮಾರ ಸಂತೋಷಪಟ್ಟ. ಆದರೆ ಅದು ಶರಣರ ಕ್ಷೇತ್ರದ ಅನ್ನ, ಅಕ್ಕೋರ ಪಾಲಿಗೆ ತಮ್ಮದೇ ಮನೆಯ ಅನ್ನದಂತೆ. ಅಲ್ಲಿ ಉಂಡದ್ದಕ್ಕೆ ಏನೂ ಬೆಲೆಯಿಲ್ಲವೆಂದು ಅವರಿಗೂ ಗೊತ್ತಿತ್ತು, ಬಿಬಿಜಾನರಿಗೂ ಗೊತ್ತಿತ್ತು. ನಾನು ಫೋಟೋ ತೆಗೆಯಲಿಲ್ಲ.

ಈಗ ಮಹಮ್ಮದ ಅಕ್ಕೋರನ್ನು ಮಾತಾಡಿಸುತ್ತಾನೆ. ಬಿಬಿಜಾನ ಮತ್ತೆ ಒಲೆಯ ಮುಂದೆ ಕೂರುತ್ತಿದ್ದಾರೆ. ಅಕ್ಕೋರು ಹದಿನೈದು ದಿನಕ್ಕೊಮ್ಮೆ ಅವರ ಮನೆಗೆ ಹೋಗಿ ಮಗ್ಗದ ಪಕ್ಕದಲ್ಲಿ ಅರ್ಧ ತಾಸು ಕೂತು ಬರುತ್ತಾರೆ. ಮಾತು ಹವೆಯದು, ಮೊಣಕಾಲಿನದು, ಮೊಮ್ಮಗಳ ಶಾಲೆಯದು. ಚಹಾದ ಮಾತು ಬರುವುದಿಲ್ಲ. ಅವರು ಕೇಳುವುದಿಲ್ಲ, ಇವರು ಕೊಡುವುದಿಲ್ಲ.

ಮೊನ್ನೆ ಅಕ್ಕೋರ ಮನೆಯ ಕಟ್ಟೆಯ ಮೇಲೆ ಕೂತಾಗ ನಾನು ಕೇಳಿದೆ: “ಅಕ್ಕೋರ, ಈಗ ಕೊಟ್ರ ತಿಂತೀರೇನ್ರಿ?”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ತಿಂತೇನಿ ಅನಸ್ತೈತಿ. ಆದ್ರ ಅದನ್ನ ಬಾಯಿಲೆ ಹೇಳಾಕ ನನಗ ಇನ್ನ ಮನಸಿಲ್ಲಪ್ಪ. ಬಾಯಿಲೆ ಭಾಳ ಹೇಳೇನಿ.” ಎದ್ದು, ಒಣಹಾಕಿದ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದರು.